ಮಳೆ ಇಡಲು ಒಂದು ಪೆಟ್ಟಿಗೆ

ಯರಗುಪ್ಪಿಯಲ್ಲಿ ಮಳೆ ಎಷ್ಟು ಬಿತ್ತೆಂದು ತಿಳಿಯಬೇಕಾದವರು ಚಾವಡಿಗೆ ಹೋಗುತ್ತಿರಲಿಲ್ಲ. ರೇವವ್ವನ ಮನೆಗೆ ಹೋಗುತ್ತಿದ್ದರು.

ಅವಳ ಹಿತ್ತಲಲ್ಲಿ, ಬಣವೆಯಿಂದ ಹತ್ತು ಹೆಜ್ಜೆ ಆಚೆ, ಬಯಲಿನಲ್ಲಿ ಒಂದು ತಾಮ್ರದ ಡಬ್ಬಿ ನೆಟ್ಟಿತ್ತು. ಬಾಯಿಗೆ ಲಾಳಿಕೆ, ಹೊಟ್ಟೆಯಲ್ಲಿ ಬಾಟಲಿ. ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರುವಿದರೆ ಹಿಂದಿನ ದಿನದ ಮಳೆ ಎಷ್ಟು ಮಿಲಿಮೀಟರ್ ಎಂದು ಗೊತ್ತಾಗುತ್ತಿತ್ತು. ಹತ್ತಿ ಬೆಳೆ ನೋಡಿಕೊಳ್ಳಲು ಬಂದಿದ್ದ ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ ಅದನ್ನು ರೇವವ್ವನ ಗಂಡ ಈರಬಸಪ್ಪ ಮಾಸ್ತರರಿಗೆ ಕೊಟ್ಟು, “ದಿನಾ ಮುಂಜಾನೆ ಎಂಟೂವರಿಗೆ ನೋಡಿ ಬರದಿಡ್ರಿ, ಒಂದ ದಿನಾನೂ ಬಿಡಬ್ಯಾಡ್ರಿ” ಎಂದು ಹೇಳಿ ಹೋಗಿದ್ದರು. ಅದು ೧೯೬೨ನೇ ಇಸವಿ. ಮಾಸ್ತರರು ಹುರುಪಿನಿಂದ ಒಪ್ಪಿಕೊಂಡರು. ಆದರೆ ಅವರ ಶಾಲೆ ಇದ್ದದ್ದು ಕುಂದಗೋಳದಲ್ಲಿ, ಬಸ್ಸು ಏಳೂವರೆಗೇ ಹೋಗುತ್ತಿತ್ತು. ಹೀಗಾಗಿ ಎಂಟೂವರೆಯ ಮಳೆ ರೇವವ್ವನ ಪಾಲಿಗೆ ಬಂತು.

ಆಗ ಅವಳಿಗೆ ಮದುವೆಯಾಗಿ ಒಂದು ವರ್ಷ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಂಕಿ ಬರೆಯುವಾಗ ಏಳು ಮತ್ತು ಒಂಬತ್ತು ಅದಲುಬದಲಾಗುತ್ತಿದ್ದವು. ಕಾಳು ತುಂಬುವ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ ಇದ್ದಲಿನಿಂದ ಬರೆದು ಅಳಿಸಿ, ಬರೆದು ಅಳಿಸಿ, ತಾನೇ ತಿದ್ದಿಕೊಂಡಳು. ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಹಿತ್ತಲಿಗೆ ಹೋಗಿ ಲೋಟ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿಯುವಳು. ಬಾಣಂತನದಲ್ಲಿ ಮಾತ್ರ ಅತ್ತೆ ನೋಡಿ ಹೇಳಿದ್ದು, ಇವಳು ಒಳಗೆ ಕೂತು ಬರೆದದ್ದು. ಉಳಿದಂತೆ ಒಂದು ದಿನವೂ ಬಿಟ್ಟಿರಲಿಲ್ಲ.

ಬಾಜು ಹೊಲದ ತಿರಕಪ್ಪ ಬಿತ್ತಿಗೆಯ ಕಾಲಕ್ಕೆ ಕಟ್ಟೆಯ ಹತ್ತಿರ ಬಂದು ನಿಲ್ಲುತ್ತಿದ್ದ.

“ಅಕ್ಕಾರ, ಮಳಿ ಎಷ್ಟಾತ್ರಿ?”

“ಹದಿನೆಂಟು.”

“ಹದಿನೆಂಟಂದ್ರ ನನಗೇನ ತಿಳೀತೈತ್ರಿ? ಕೂರಿಗಿ ಹೂಡ್ಲ್ಯೋ ಬ್ಯಾಡೋ, ಅದನ್ನ ಹೇಳ್ರಿ.”

“ತಗ್ಗಿನ ಹೊಲಕ್ಕ ಹೂಡು. ದಿನ್ನಿ ಹೊಲಕ್ಕ ಇನ್ನೊಂದ ಮಳಿ ಹಾದಿ ನೋಡು.”

“ಇಷ್ಟ ಹೇಳಾಕ ಆ ಗಾಜಿನ ಲೋಟ ಯಾಕ ಬೇಕಿತ್ರಿ!” ಎಂದು ನಗುತ್ತ ಹೋಗುತ್ತಿದ್ದ. ಆದರೆ ಬಂದು ಕೇಳದೆ ಅವನು ಎಂದೂ ಎತ್ತು ಕಟ್ಟಿದವನಲ್ಲ.

ವರ್ಷಕ್ಕೊಂದು ನೋಟುಬುಕ್ಕು. ನಡುವೆ ತಾರೀಖು ಮತ್ತು ಮಳೆ. ಅಂಚಿನಲ್ಲಿ ರೇವವ್ವ ತನಗೆ ತೋಚಿದ ಒಂದೆರಡು ಮಾತು ಬರೆಯುತ್ತಿದ್ದಳು. ‘ಆಲಿಕಲ್ಲು, ಹಂಚು ಎರಡು ಒಡೆದವು.’ ‘ಗೌರಿ ಆಕಳು ಕರು ಹಾಕಿತು.’ ‘ಅವ್ವ ಹೋದಳು.’ ಇಪ್ಪತ್ನಾಲ್ಕು ನೋಟುಬುಕ್ಕುಗಳು ನಡುಮನೆಯ ಮಣ್ಣಿನ ಗೋಡೆಗೆ ಆನಿಸಿಟ್ಟ ಕಟ್ಟಿಗೆ ಪೆಟ್ಟಿಗೆಯಲ್ಲಿದ್ದವು.

೧೯೮೬ರ ಜೂನಿನಲ್ಲಿ, ಮಿರಗದ (ಮೃಗಶಿರಾ) ಮಳೆಯ ಹೊತ್ತಿಗೆ, ತಿರಕಪ್ಪ ಬಂದು, “ಎಪ್ಪತ್ತೆರಡರ ಬರದಾಗ ಮಿರಗ ಯಾವತ್ತ ಬಿತ್ತು ನೋಡ್ರಿ ಅಕ್ಕಾರ, ಈ ಸಲಾನೂ ಹಂಗ ಕಾಣತೈತಿ” ಎಂದ. ರೇವವ್ವ ಪೆಟ್ಟಿಗೆ ತೆರೆದಳು. ಮೇಲಿನ ನೋಟುಬುಕ್ಕುಗಳು ಚೆನ್ನಾಗಿಯೇ ಇದ್ದವು. ಗೋಡೆಯ ಬದಿಗೆ ಇದ್ದವನ್ನು ಎತ್ತಿದರೆ ಮಣ್ಣು ಕೈಗೆ ಬಂತು. ಅರವತ್ತೆಂಟರಿಂದ ಎಪ್ಪತ್ತೆರಡರವರೆಗಿನ ಐದು ನೋಟುಬುಕ್ಕುಗಳಿಗೆ ಗೆದ್ದಲು ಹತ್ತಿತ್ತು. ಅಂಚಿನಿಂದ ತಿನ್ನುತ್ತ ಒಳಗೆ ಬಂದಿದ್ದವು. ಅವಳ ಮಾತುಗಳೆಲ್ಲ ಹೋಗಿದ್ದವು, ನಡುವಿನ ಅಂಕಿಗಳು ಉಳಿದಿದ್ದವು. ಹಾಳೆ ತಿರುವಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ರೇವವ್ವ ಆ ಐದನ್ನೂ ಮೊರದಲ್ಲಿ ಇಟ್ಟು, ಮೇಲೊಂದು ಅರಿವೆ ಮುಚ್ಚಿ, ಗಾಳಿ ತಾಗದ ಕಡೆ ಒಯ್ದಿಟ್ಟಳು. ಹೊಸ ನೋಟುಬುಕ್ಕಿಗೆ ಇಳಿಸಬೇಕೆಂದು ಕೂತರೆ, ಒಂದು ಹಾಳೆ ನೋಡಿ ಮುಗಿಸುವಷ್ಟರಲ್ಲಿ ಅದು ನಾಲ್ಕು ಚೂರಾಗುತ್ತಿತ್ತು. ಒಂದು ಸಲವಷ್ಟೇ ಸಲೀಸಾಗಿ ಓದಬಹುದಿತ್ತು. ತಪ್ಪಿದರೆ ಚೂರು ಜೋಡಿಸಿಕೊಂಡು ನೋಡಬೇಕಿತ್ತು.

ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಅವಳ ತಮ್ಮ ಶಂಭುಲಿಂಗಪ್ಪ ಪುಣೆಯಿಂದ ಬಂದ. ಅವನು ಅಲ್ಲಿ ಒಂದು ಕಾರಖಾನೆಯಲ್ಲಿ ಫಿಟ್ಟರ್. ಪ್ರತಿ ವರ್ಷ ಸೀರೆ ತರುವವನು ಈ ಸಲ ರಟ್ಟಿನ ಡಬ್ಬಿ ತಂದಿದ್ದ.

“ಅಕ್ಕಾ, ಮೊದಲ ಉಂಡಿ ಕೊಡು, ಆಮ್ಯಾಲ ತೋರಸ್ತೀನಿ.”

ತಂಬಿಟ್ಟಿನ ಉಂಡಿ ಬಾಯಿಗೆ ಹೋದ ಮೇಲೆ ಡಬ್ಬಿ ತೆರೆಯಿತು. ಒಳಗೆ ಮಕ್ಕಳು ಬರೆಯುವ ಪಾಟಿಯಷ್ಟೇ ಅಗಲದ ಕರಿಯ ವಸ್ತು, ಮೈತುಂಬ ರಬ್ಬರಿನ ಗುಂಡಿಗಳು. ಅವನ ಕಾರಖಾನೆಯ ಒಬ್ಬ ಸಾಹೇಬರು ಬೇಡವೆಂದು ಮಾರಿದ್ದಂತೆ.

“ಕಂಪ್ಯೂಟರ್ ಅಂತಾರ ಇದಕ್ಕ. ಮಾಮಾರು ರಿಟಾಯರ್ ಆಗಿ ಗ್ವಾಡಿ ನೋಡಕೊಂತ ಕುಂತಾರಲ್ಲ, ಅವರಿಗೆ ಕೆಲಸ ಆಗಲಿ ಅಂತ ತಂದೆ. ಟೀವಿಗೆ ಹಚ್ಚಿದ್ರ ಆತು. ಲೆಕ್ಕ ಮಾಡತೈತಿ, ಬರದದ್ದ ಇಟ್ಕೋತೈತಿ.”

“ಗೆದ್ದಲ ಹತ್ತತೈತೇನು?” ಎಂದು ಕೇಳಿದಳು ರೇವವ್ವ.

ತಮ್ಮ ಬಿದ್ದು ಬಿದ್ದು ನಕ್ಕ. “ಪ್ಲಾಸ್ಟಿಕ್ ತಿನ್ನೂ ಗೆದ್ದಲ ಇನ್ನ ಹುಟ್ಟಿಲ್ಲ ಬೇ ಅಕ್ಕಾ.”

ಅಷ್ಟು ಸಾಕಾಯಿತು ಅವಳಿಗೆ.

ತವರಿನಿಂದ ಅವಳು ಮರಳಿ ಬರುವಷ್ಟರಲ್ಲಿ ಮಾಸ್ತರರು ಅದರ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಎರಡು ಸಲ ಓದಿ ಮುಗಿಸಿದ್ದರು. ಮೂವತ್ತು ವರ್ಷ ಗಣಿತ ಕಲಿಸಿದವರು, ಹೊಸ ಪಾಠ ಸಿಕ್ಕ ಹುಡುಗನಂತೆ ಆಗಿದ್ದರು. ಸಣ್ಣ ಕಪ್ಪು ಬಿಳುಪು ಟೀವಿಯ ಮುಂದೆ ಮಣೆ ಹಾಕಿ ಕೂತರು. ರೇವವ್ವ ಮೊರ ತೊಡೆಯ ಮೇಲಿಟ್ಟುಕೊಂಡು, ಉಸಿರು ತಾಗದಂತೆ ಸೆರಗು ಬಾಯಿಗೆ ಅಡ್ಡ ಹಿಡಿದು, ಮಳೆ ಬಿದ್ದ ದಿನಗಳನ್ನಷ್ಟೇ ಓದತೊಡಗಿದಳು.

“ಅರವತ್ತೆಂಟು, ಜೂನ್ ಒಂಬತ್ತು. ಹನ್ನೊಂದು ಮಿಲಿಮೀಟರ್.”

“ಹನ್ನೊಂದು. ಮುಂದ?”

“ತಡೀರಿ, ಹಾಳಿ ಮುರೀತು.”

ಅರವತ್ತೆಂಟು ಮುಗಿದು ಅರವತ್ತೊಂಬತ್ತರ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಒಂದು ತಾಸಿನ ಮೇಲೆ ಬಂತು. ಮಾಸ್ತರರು ಸ್ವಿಚ್ಚು ಹಾಕಿದರು. ಟೀವಿಯ ಮೇಲೆ ಏನೂ ಇರಲಿಲ್ಲ. ಹಿಂದಿನ ಬೀದಿಯಲ್ಲಿ ಯಾರೋ ಜೋಳ ಕೇರುವ ಸದ್ದು ಮಾತ್ರ ಕೇಳುತ್ತಿತ್ತು.

“ಎಲ್ಲಿ ಹೋತ್ರೀ?” ಎಂದಳು ರೇವವ್ವ.

ಮಾಸ್ತರರು ಪುಣೆಗೆ ಕಾಗದ ಬರೆದರು. ಹತ್ತು ದಿನಕ್ಕೆ ಉತ್ತರ ಬಂತು. ‘ಮಾಮಾ, ಹೇಳುವುದನ್ನು ಮರೆತಿದ್ದೆ. ಅದರ ನೆನಪು ಕರೆಂಟು ಇರುವ ತನಕ ಮಾತ್ರ. ಇಟ್ಟುಕೊಳ್ಳಲು ಹೊರಗಿನದೊಂದು ಬೇಕು. ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರಿಗೆ ತಂತಿ ಹಚ್ಚಿದರೆ ಬರೆದದ್ದನ್ನೆಲ್ಲ ಸದ್ದು ಮಾಡಿ ಕ್ಯಾಸೆಟ್ಟಿಗೆ ಕಳಿಸುತ್ತದೆ. ಬೇಕಾದಾಗ ಅದೇ ಸದ್ದು ಕೇಳಿ ತಿರುಗಿ ಓದಿಕೊಳ್ಳುತ್ತದೆ. ಒಳ್ಳೆಯದು ನೋಡಿ ಆರಿಸಿಕೊಳ್ಳಿ.’

ಆ ಕೊನೆಯ ಮಾತೇ ತೊಡಕಾಯಿತು. ಒಳ್ಳೆಯದು ಎಂದರೆ ಯಾವುದು?

ಇಬ್ಬರೂ ಹುಬ್ಬಳ್ಳಿಗೆ ಹೋದರು. ಮಾಸ್ತರರ ಹಳೆಯ ವಿದ್ಯಾರ್ಥಿ ಹೊಳೆಪ್ಪನದು ಅಲ್ಲಿ ರೇಡಿಯೋ, ಟೇಪ್ ರೆಕಾರ್ಡರಿನ ಅಂಗಡಿ. ಗುರುಗಳನ್ನು ಕಂಡು ಅವನು ಕಾಲು ಮುಟ್ಟಿ ನಮಸ್ಕರಿಸಿ ಚಹಾ ತರಿಸಿದ.

“ಯಾರ ಹಾಡ ಕೇಳಾವ್ರೀ ಗುರುಗಳ?”

“ಹಾಡಲ್ಲೋ, ಮಳಿ ಇಡಬೇಕಾಗೈತಿ.”

ಹೊಳೆಪ್ಪ ರೇವವ್ವನ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಗುರುಗಳಿಗೆಂದು ಮೇಲಿನ ಹಲಗೆಯಿಂದ ಒಂದು ದೊಡ್ಡದನ್ನು ಇಳಿಸಿದ. ಎರಡೂ ಕಡೆ ತಟ್ಟೆಯಷ್ಟು ಅಗಲದ ಸ್ಪೀಕರು, ಬೆಳ್ಳಿ ಬಣ್ಣದ ಗುಂಡಿಗಳು, ಕುಣಿಯುವ ಕೆಂಪು ದೀಪ. ಹಚ್ಚಿದರೆ ಅಂಗಡಿಯ ಗಾಜು ನಡುಗಿತು.

“ಜಪಾನಿಂದ್ರಿ. ಇದರ ಮುಂದ ಇನ್ನೊಂದಿಲ್ಲ.”

“ಇದರಕಿಂತ ಸಣ್ಣದು?” ಎಂದಳು ರೇವವ್ವ.

ಮಾಸ್ತರರು ಮೆಲ್ಲಗೆ ಗದರಿದರು. “ಇಪ್ಪತ್ನಾಕ ವರ್ಷದ ಮಳಿ. ಸಣ್ಣ ಡಬ್ಬಿಯೊಳಗ ಇಡೂದೇನು?”

ಎಂಟು ಹದಿನೈದು ದಿನ ಮನೆಯಲ್ಲಿಟ್ಟುಕೊಂಡು ನೋಡಿ, ಬೇಡವಾದರೆ ತಂದುಕೊಡಿ ಎಂದು ಹೊಳೆಪ್ಪ ಅದನ್ನು ಕಟ್ಟಿಕೊಟ್ಟ. ಬಸ್ಸಿನಲ್ಲಿ ಅದು ರೇವವ್ವನ ತೊಡೆಯ ಮೇಲೆ ಕೂತು ಬಂತು. ಹಿಂದಿನ ಸೀಟಿನ ಹೆಂಗಸೊಬ್ಬಳು, “ಯಕ್ಕಾ, ಒಂದ ಹಾಡರ ಹಚ್ಚಬೇ, ಊರ ಬರೂತನಕ ಕೇಳೂಣು” ಎಂದು ಊರು ಮುಟ್ಟುವವರೆಗೂ ಗಂಟುಬಿದ್ದಳು.

ಮನೆಯಲ್ಲಿ ತಂತಿ ಹಚ್ಚಿ, ಸುಮ್ಮನೆ ಹತ್ತು ಅಂಕಿ ಬರೆದು, ಕ್ಯಾಸೆಟ್ಟಿಗೆ ಕಳಿಸಿ, ಅಳಿಸಿ, ತಿರುಗಿ ಓದಿಸಿದರು. ಕಂಪ್ಯೂಟರು ತಪ್ಪೆಂದು ತೋರಿಸಿತು. ದನಿ ಹೆಚ್ಚಿಸಿದರು, ಇಳಿಸಿದರು, ಗುಂಡಿಗಳನ್ನೆಲ್ಲ ತಿರುವಿದರು. ತಪ್ಪು, ಮತ್ತೆ ತಪ್ಪು. ಮೂರು ದಿನ ಹೀಗೇ ನಡೆದ ಮೇಲೆ ಮಾಸ್ತರರು ಬಸ್ ಸ್ಟ್ಯಾಂಡಿನ ಹತ್ತಿರದ ಹಸನಸಾಬನನ್ನು ಕರೆಸಿದರು. ಬ್ಯಾಟರಿ, ಗಡಿಯಾರ, ರೇಡಿಯೋ, ಪಂಪಿನ ಸ್ಟಾರ್ಟರು, ಏನು ಕೆಟ್ಟರೂ ಊರಿಗೆ ಹಸನಸಾಬನೇ ಗತಿ.

ಅವನು ದೊಡ್ಡ ಪೆಟ್ಟಿಗೆಯ ಸುತ್ತ ಒಮ್ಮೆ ತಿರುಗಿ ಬಂದ.

“ಭಾರಿ ಐತ್ರಿ ಮಾಸ್ತರ. ಮದವಿಗೆ ಒಯ್ರಿ, ಮೆರವಣಿಗಿಗೆ ಒಯ್ರಿ. ಆದ್ರ ಇದು ಕೇಳಿದ್ದನ್ನ ಹಂಗ ಹೇಳೂದಿಲ್ಲ. ಚೂಪ ಇದ್ದದ್ದ ಮೆತ್ತಗ ಮಾಡತೈತಿ, ತೆಳ್ಳಗ ಇದ್ದದ್ದ ದಪ್ಪ ಮಾಡತೈತಿ. ಹಾಡಿಗೆ ಅದು ಛಲೋ. ನಿಮ್ಮ ಡಬ್ಬಿಗೆ ಕೇಳಿದ್ದ ಕೇಳಿದಂಗ ಹೇಳಾವ ಬೇಕು.”

ಮನೆಗೆ ಹೋಗಿ ತನ್ನದೊಂದು ಹಳೆಯದನ್ನು ತಂದ. ಚಪ್ಪಟೆಯ ಡಬ್ಬಿ, ಒಂದೇ ಸ್ಪೀಕರು, ಐದು ಗುಂಡಿಗಳಲ್ಲಿ ಒಂದು ಮುರಿದು ಅಲ್ಲಿ ಬೆಂಕಿಪೆಟ್ಟಿಗೆಯ ಕಡ್ಡಿ ಸಿಕ್ಕಿಸಿತ್ತು.

“ಹಲ್ಲ ಉದುರಿದ ಮುದುಕರಂಗ ಐತಲ್ಲೋ” ಎಂದರು ಮಾಸ್ತರರು.

“ಮುದುಕರು ಸುಳ್ಳ ಹೇಳೂದಿಲ್ರಿ ಮಾಸ್ತರ.”

“ನಿನಗ ಮುದುಕರು ಗೊತ್ತಿಲ್ಲ ಬಿಡು.”

ರೇವವ್ವ ಬಾಗಿಲ ಚೌಕಟ್ಟಿಗೆ ಆತು ನಿಂತು ಎರಡನ್ನೂ ಕೇಳಿದಳು. ತಂತಿ ಹಚ್ಚಿದಾಗ ಸಣ್ಣಗೆ ಕೇಳುವ ಕ್ಯಾಸೆಟ್ಟಿನ ಸದ್ದು ತಂತಿ ಕಿತ್ತರೆ ಜೋರಾಗಿ ಹೊರಗೆ ಕೇಳುತ್ತಿತ್ತು. ಮೊದಲು ಒಂದೇ ಸಮನೆ ಎಳೆದ ದನಿ, ಆಮೇಲೆ ಗರಗರ. ಮಾಸ್ತರರಿಗೆ ಎರಡೂ ಒಂದೇ ಕಿರುಚಾಟ. ಅವಳಿಗೆ ಹಾಗೆ ಕೇಳಲಿಲ್ಲ. ದೊಡ್ಡದರಲ್ಲಿ ಆ ಸದ್ದು ಕೌದಿ ಹೊದ್ದು ಮಾತಾಡಿದಂತಿತ್ತು. ಸಣ್ಣದರಲ್ಲಿ ಒಣ ಹಂಚಿನ ಮೇಲೆ ಜೋಳ ಸಿಡಿದಂತೆ, ಒಂದೊಂದು ಕಾಳೂ ಬೇರೆಬೇರೆ. ಬೀಸುವಾಗ ಸದ್ದು ಕೇಳಿಯೇ ಹಿಟ್ಟು ನುಣ್ಣಗೆ ಬಂತೋ ತರಿಯಾಯಿತೋ ಹೇಳುವವಳು ಅವಳು.

“ಸಣ್ಣದ ಇರ್ಲಿ” ಎಂದಳು.

“ನೀ ಏನ ಹಾಡ ಕೇಳಾಕತ್ತೀಯೇನು?” ಎಂದು ಮಾಸ್ತರರು ಕುಟುಕಿದರು. ಆದರೂ ತಂತಿ ಹಚ್ಚಿ ನೋಡಿದರು. ಹತ್ತೂ ಅಂಕಿ ತಿರುಗಿ ಬಂದವು. ಮತ್ತೊಮ್ಮೆ ಮಾಡಿದರು. ಮತ್ತೆ ಬಂದವು. ಅವರು ದೊಡ್ಡದಕ್ಕೆ ಒಂದು ಟವೆಲ್ಲು ಹೊದಿಸಿ ಗೋಡೆಯ ಮಾಡದ ಪಕ್ಕ ಇಟ್ಟರು. ಹಿಂದಕ್ಕೆ ಕೊಟ್ಟುಬರಲು ಮನಸ್ಸು ಬರಲಿಲ್ಲ. ಇನ್ನೂ ಏನಾದರೂ ಉಪಾಯ ಸಿಕ್ಕೀತು ಎಂದು ಹೊಳೆಪ್ಪನಿಗೆ ಹೇಳಿಕಳಿಸಿ, ಹಬ್ಬದವರೆಗೆ ಇಟ್ಟುಕೊಂಡರು.

ಈ ಸಲ ಕೆಲಸ ಗಟ್ಟಿಯಾಗಿ ನಡೆಯಿತು. ಮೊರದಲ್ಲಿ ಚೂರು ಚೂರಾಗಿದ್ದ ಅರವತ್ತೆಂಟನ್ನೂ ಅರವತ್ತೊಂಬತ್ತರ ಮೊದಲರ್ಧವನ್ನೂ ರೇವವ್ವ ಚಿಮಟದಿಂದ ಜೋಡಿಸಿ ಓದಿದಳು. ಆಮೇಲೆ ಉಳಿದ ವರ್ಷಗಳು. ಒಂದೊಂದು ವರ್ಷ ಮುಗಿದಾಗಲೂ ಕ್ಯಾಸೆಟ್ಟಿಗೆ ಕಳಿಸಿ, ತಿರುಗಿ ಓದಿಸಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡೇ ಮಾಸ್ತರರು ಮುಂದೆ ಹೋಗುತ್ತಿದ್ದರು. ಸಪ್ಪಳ ಕೇಳಿ ಕೇಳಿ ರೇವವ್ವನಿಗೆ ಅದು ಬಾಯಿಪಾಠವಾಗಿತ್ತು. ರೊಟ್ಟಿ ಬಡಿಯುತ್ತ ಒಳಗಿನಿಂದಲೇ, “ಬರೋಬ್ಬರಿ ಐತ್ರಿ, ಬರತೈತಿ” ಎನ್ನುತ್ತಿದ್ದಳು. ಬರುತ್ತಿತ್ತು.

ಮಹಾನವಮಿಯ ಸಾರಣೆ ಬಂತು. ಮೊರದಲ್ಲಿ ಉಳಿದದ್ದು ಕಾಗದವಲ್ಲ, ಹುಡಿ. ಅದರಲ್ಲಿ ಇನ್ನೂ ಗೆದ್ದಲು ಹರಿದಾಡುತ್ತಿದ್ದವು.

“ಇದನ್ನ ಇಟ್ಕೊಂಡ್ರ ತೊಲೀಗೆ ಏರತಾವು. ಸುಡತೀನಿ. ಎಲ್ಲಾ ಕ್ಯಾಸೆಟ್ಟಿನಾಗ ಐತಲ್ಲ” ಎಂದರು ಮಾಸ್ತರರು.

ರೇವವ್ವ ಒಂದು ಗಳಿಗೆ ಮೊರ ಬಿಡಲಿಲ್ಲ. ಆಮೇಲೆ ಕೊಟ್ಟಳು. ಹಿತ್ತಲಲ್ಲಿ ಒಂದು ಹಿಡಿ ಹೊಗೆ ಎದ್ದು ಹೋಯಿತು.

ಖಂಡೇನವಮಿಯ ದಿನ ಮನೆಯಲ್ಲಿ ದುಡಿದ ವಸ್ತುಗಳಿಗೆಲ್ಲ ಪೂಜೆ. ಕುಡಗೋಲು, ಕುರ್ಚಿಗಿ, ಈಳಿಗೆ, ಹೊಲಿಗೆ ಮಿಶನ್ನು, ಮಳೆಯ ಡಬ್ಬಿ ಎಲ್ಲವನ್ನೂ ತೊಳೆದು, ಒರೆಸಿ, ಸಾಲಾಗಿ ಇಟ್ಟಳು. ಕಂಪ್ಯೂಟರು, ಟೀವಿ, ಸಣ್ಣ ಟೇಪ್ ರೆಕಾರ್ಡರು ಸಾಲಿನ ಕೊನೆಗೆ ಬಂದವು. ದೊಡ್ಡದು ಇನ್ನೂ ದುಡಿದಿರಲಿಲ್ಲವಾದ್ದರಿಂದ ಟವೆಲ್ಲಿನೊಳಗೇ ಉಳಿಯಿತು.

ಪೂಜೆಯೆಂದರೆ ರೇವವ್ವನಿಗೆ ಮೇಲೆಮೇಲೆ ಮಾಡಿ ಮುಗಿಸುವ ಕೆಲಸವಲ್ಲ. ಕುಡಗೋಲಿಗಾದರೆ ಹಿಡಿಕೆಗಲ್ಲ, ಅಲಗಿಗೆ ವಿಭೂತಿ ಹಚ್ಚುವಳು. ಕೆಲಸ ಮಾಡುವ ಜಾಗಕ್ಕೇ ಹಚ್ಚಬೇಕು ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದರು. ಟೇಪ್ ರೆಕಾರ್ಡರಿನ ಮುಂದೆ ಬಂದಾಗ ಅವಳು ಒಂದು ಗಳಿಗೆ ಯೋಚಿಸಿದಳು. ಮುಚ್ಚಳ ತೆರೆದಳು. ಗುಂಡಿ ಒತ್ತಿದರೆ ಒಳಗಿನಿಂದ ಹೊಳೆಯುವ ಸಣ್ಣದೊಂದು ಲೋಹದ ತುಂಡು ಮುಂದೆ ಬಂತು. ಟೇಪನ್ನು ಮುಟ್ಟಿ ಕೇಳುವುದು ಇದೇ ಎಂದು ಹಸನಸಾಬ ಒಮ್ಮೆ ತೋರಿಸಿದ್ದ. ಬೆರಳಿಗೆ ನೀರು ಹಚ್ಚಿ ವಿಭೂತಿ ಗಟ್ಟಿಯ ಮೇಲೆ ಉಜ್ಜಿ, ‘ಕೂಡಲಸಂಗಯ್ಯಾ, ನಮ್ಮ ಮಳಿ ಕಾಯಪ್ಪಾ’ ಎಂದು ಆ ತುಂಡಿಗೆ ಚೆನ್ನಾಗಿ ಒತ್ತಿ ಬಳಿದಳು. ಕ್ಯಾಸೆಟ್ಟು ಹಾಕಿ ಮುಚ್ಚಳ ಮುಚ್ಚಿ ಮೇಲೊಂದು ಹೂವಿಟ್ಟಳು.

ಮರುದಿನ ಬನ್ನಿ ಕೊಡಲು ತಿರಕಪ್ಪ ಬಂದ. “ಬನ್ನಿ ತಗೊಂಡ ಬಂಗಾರದಂಗ ಇರೂಣ್ರಿ ಮಾಸ್ತರ” ಎಂದು ಎಲೆ ಕೊಟ್ಟು ಕೈಮುಗಿದು ಕುಳಿತ. ಮಾಸ್ತರರು ಉಬ್ಬಿದರು.

“ಎಪ್ಪತ್ತೆರಡರ ಮಿರಗ ಕೇಳಿದ್ಯಲ್ಲ. ಬಾ, ಟೀವಿಯೊಳಗ ತೋರಸ್ತೀನಿ.”

ಗುಂಡಿ ಒತ್ತಿದರು. ಎಳೆದ ದನಿ ಬರಬೇಕಾದಲ್ಲಿ ನೆಗಡಿಯಾದ ಮೂಗಿನಂತೆ ಸದ್ದು. ತಪ್ಪು. ಹಿಂದೆ ತಿರುವಿ ಮತ್ತೆ ಹಚ್ಚಿದರು. ತಪ್ಪು. ಮಾಡದ ಪಕ್ಕದಿಂದ ದೊಡ್ಡದನ್ನು ತಂದು ಅದರಲ್ಲಿ ಹಾಕಿದರು. ಅದರಲ್ಲಿಯೂ ಹಿಂದಿನಂತೆ ತಪ್ಪು.

“ಮಳಿ ಟೀವಿಯಾಗೂ ಕೈಕೊಟ್ಟಿತಲ್ರಿ” ಎಂದು ತಿರಕಪ್ಪ ನಗಿಸಲು ನೋಡಿದ. ಯಾರೂ ನಗಲಿಲ್ಲ. ಅವನು ಚಹಾ ಕುಡಿದು, ಎಲ್ಲಿ ಕಾಲಿಡಬೇಕೋ ತಿಳಿಯದವನಂತೆ ಎದ್ದು ಹೋದ.

ಮಾಸ್ತರರು ಕ್ಯಾಸೆಟ್ಟು ಹೊರಗೆ ತೆಗೆದು ಹಿಡಿದು ನೋಡುತ್ತಿದ್ದರು. ಟೇಪಿನ ಕಂದು ಪಟ್ಟಿಯ ಮೇಲೆ ಬೆಳ್ಳಗೆ ಏನೋ ಬಡಿದಿತ್ತು. ರೇವವ್ವ ಅದನ್ನು ಕಂಡಳು. ಅವಳಿಗೆ ಒಮ್ಮೆಲೇ ತಿಳಿಯಿತು. ಅಡುಗೆಮನೆಗೆ ಹೋಗಿ ನೀರು ಕುಡಿದಳು. ಹೇಳದಿದ್ದರೂ ನಡೆಯುತ್ತಿತ್ತು. ಹಳೆಯದು, ಕೆಟ್ಟಿತು ಅನ್ನುತ್ತಿದ್ದರು. ಆದರೆ ಮುಂಜಾನೆ ಲಿಂಗ ಹಿಡಿಯುವ ಅಂಗೈ ಅದು, ಮುಚ್ಚಿಡುವುದು ಆಗಲಿಲ್ಲ. ತಿರುಗಿ ಬಂದು ಗಂಡನ ಎದುರು ಕೂತಳು.

“ಅದು ವಿಭೂತಿ ರೀ.”

“ಏನು?”

“ನಾನ ಹಚ್ಚೀನಿ. ಅದರ ಒಳಗ. ಕೆಲಸ ಮಾಡೂ ಜಾಗಕ್ಕ ಹಚ್ಚಬೇಕಲ್ಲ ಅಂತ ಹಚ್ಚಿದೆ.”

 ಅವಳು ಬಯ್ಗುಳಕ್ಕೆ ತಯಾರಾಗಿ ತಲೆ ಬಗ್ಗಿಸಿ ಕೂತಿದ್ದಳು. ನೋಟುಬುಕ್ಕು ಸುಟ್ಟ ಜಾಗ ಬಾಗಿಲಿನಿಂದ ಕಾಣುತ್ತಿತ್ತು. ಮಾಸ್ತರರು ಅತ್ತಲೇ ನೋಡುತ್ತಿದ್ದರು.

“ನೀ ಹಚ್ಚಿದಿ, ಖರೆ. ಆದ್ರ ಸುಟ್ಟಾಂವ ನಾನು” ಎಂದರು ಕೊನೆಗೆ. “ಒಂದ ಕ್ಯಾಸೆಟ್ಟ ನಂಬಿ ಐದ ವರ್ಷ ಸುಟ್ಟೆ. ಯಾವ ಹುಡುಗರಿಗೂ ಹಿಂಗ ಮಾಡ್ರಿ ಅಂತ ನಾ ಕಲಿಸಿದಾಂವಲ್ಲ.”

“ಏಳ್ರಿ. ಹಸನಸಾಬನ ಕಡೆ ಹೋಗೂಣು” ಎಂದಳು ರೇವವ್ವ.

ಹಸನಸಾಬ ಅಂಗಡಿ ಮುಚ್ಚಿ ಮನೆಯಲ್ಲಿದ್ದ. ಅವನ ತಾಯಿ ಜಮೀಲಾಬಿ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಮೊದಲು ಇಬ್ಬರೂ ಜಮೀಲಾಬಿಯ ಕೈಗೆ ಬನ್ನಿ ಕೊಟ್ಟರು. ಆಮೇಲೆ ರೇವವ್ವ ನಡೆದದ್ದನ್ನೆಲ್ಲ ಹಸನಸಾಬನಿಗೆ ಒಂದೂ ಬಿಡದೆ ಹೇಳಿದಳು. ಅವರು ತಂದಿದ್ದ ಟೇಪ್ ರೆಕಾರ್ಡರಿನ ಮುಚ್ಚಳ ತೆರೆದು ನೋಡಿ ಅವನು ನಗು ತಡೆದುಕೊಂಡ.

“ಅಕ್ಕಾರ, ವಿಭೂತಿ ಹಣಿಗೆ ಛಲೋ. ಇದಕ್ಕ ಹಣಿ ಇಲ್ರೀ, ಬರೇ ಕಿವಿ ಐತಿ. ಕಿವಿಯೊಳಗ ಬೂದಿ ತುಂಬಿದ್ರ ಏನ ಕೇಳೀತು?”

“ನಗಬ್ಯಾಡ ನೀ” ಎಂದು ಜಮೀಲಾಬಿ ಮಗನಿಗೆ ಗದರಿದಳು. “ರೇಡಿಯೋಕ್ಕ ನಾ ಲೋಬಾನದ ಹೊಗಿ ಹಾಕಿದಾಗ ಮಸಿ ಹಿಡೀತಂತ ಕುಣದಾಡಿದ್ದಿ. ನಮಗೇನ ಗೊತ್ತೋ, ಅದಕ್ಕೂ ಛಲೋ ಆಗಲಿ ಅಂತ ಮಾಡತೀವಿ.”

ರೇವವ್ವನಿಗೆ ಆ ಮಾತಿನಿಂದ ಜೀವ ಸ್ವಲ್ಪ ಹಗುರಾಯಿತು.

ಮೂವರೂ ಮಾಸ್ತರರ ಮನೆಗೆ ಬಂದರು. ಹಸನಸಾಬ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಆ ಲೋಹದ ತುಂಡನ್ನು ಕಾಲು ತಾಸು ಒರೆಸಿದ. ಟೇಪಿನ ಮೇಲಿನ ಬಿಳಿಯನ್ನು ಒಣ ಅರಿವೆಯಿಂದ ತೆಗೆದ. ಬಿಳಿ ಹತ್ತಿದ್ದು ಸದ್ದು ಶುರುವಾಗುವ ಮೊದಲಿನ ಖಾಲಿ ಪಟ್ಟಿಗೆ ಮಾತ್ರ, ಅಷ್ಟು ಪುಣ್ಯ ಎಂದ. ಹಚ್ಚಿದರು. ತಪ್ಪು.

ಹಸನಸಾಬನ ಮುಖದ ನಗು ಹೋಯಿತು. ಮತ್ತೆ ಬಗ್ಗಿ ನೋಡಿ, “ಒತ್ತಿ ಹಚ್ಚೀರಿ ಅಕ್ಕಾರ. ಇದರ ಮೊಳಿ ಮೊದಲ ಸಡ್ಲಿತ್ತು, ಈ ಕೇಳೂ ತಲಿ ಸೊಟ್ಟ ಆಗೇತಿ. ಕೂದಲೆಳಿ ಅಷ್ಟ. ಈ ಸಣ್ಣ ಸ್ಕ್ರೂ ತಿರುವಿ ಸರಿ ಮಾಡಬೇಕು” ಎಂದ. “ಆದ್ರ ಮೊದಲ ಎಲ್ಲಿ ಇತ್ತು ಅಂತ ಯಾರಿಗೆ ಗೊತ್ತು? ಹಿಂಗ ತಿರುವಿದ್ರೂ ಕೆಡತೈತಿ, ಹಂಗ ತಿರುವಿದ್ರೂ ಕೆಡತೈತಿ.”

“ಸಪ್ಪಳ ಮೊದಲಿನಂಗ ಆದ್ರ ಸರಿ ಆತೇನು?” ಎಂದು ಕೇಳಿದಳು ರೇವವ್ವ.

“ಆತ್ರಿ. ಆದ್ರ ಮೊದಲ ಹೆಂಗಿತ್ತು ಅಂತ…”

“ತಂತಿ ತಗೀ. ತಿರುವು. ನಾ ಹೇಳತೀನಿ.”

ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರು ತಾವೇ ಎದ್ದು ಬೀದಿಯ ಬಾಗಿಲು ಮುಚ್ಚಿ ಬಂದರು. ರೇವವ್ವ ನೆಲದ ಮೇಲೆ ಕಾಲು ಮಡಿಚಿ ಕೂತು ಕಣ್ಣು ಮುಚ್ಚಿದಳು. ಹಸನಸಾಬ ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರು ಹಿಡಿದು ಒಂದಿಷ್ಟು ತಿರುವಿದ.

“ಕೌದಿ ಹೊಚ್ಚಿದಂಗಾತು. ಹಿಂದಕ್ಕ ಬಾ.”

ಹಿಂದಕ್ಕೆ ತಿರುವಿದ.

“ಇನ್ನ ಸ್ವಲ್ಪ. ಇನ್ನ… ಕಾಳ ಇನ್ನ ಒಂದಕ್ಕೊಂದ ಅಂಟ್ಯಾವು. ಇನ್ನೊಂದ ಎಳಿ.”

ಅವನು ಮತ್ತೊಂದಿಷ್ಟು ತಿರುವಿದ. ಸದ್ದು ಇದ್ದಕ್ಕಿದ್ದಂತೆ ಚೂಪಾಯಿತು, ಮತ್ತೆ ಮಂಕಾಯಿತು.

“ದಾಟಿ ಹೋದಿ. ತಿರುಗಿ ಬಾ. ಸಾವಕಾಶ. ಹಾಂ. ನಿಂದ್ರು! ಕೈ ತಗೀ.”

ಕ್ಯಾಸೆಟ್ಟಿನಲ್ಲಿ ಜೋಳ ಒಂದೊಂದೇ ಕಾಳಾಗಿ ಸಿಡಿಯುತ್ತಿತ್ತು. ಅವಳು ಕಣ್ಣು ತೆರೆಯದೆಯೇ, “ಈಗ ಹಚ್ರಿ. ಬರತೈತಿ” ಎಂದಳು.

ಮಾಸ್ತರರು ತಂತಿ ಹಚ್ಚಿದರು.  ಟೀವಿಯ ಅಂಚಿನಲ್ಲಿ ಗೆರೆಗಳು ಓಡಿದವು. ನಿಂತವು. ಆಮೇಲೆ ಒಂದರ ಕೆಳಗೊಂದು ಅಂಕಿಗಳು ಬಂದವು. ಅರವತ್ತೆಂಟು, ಜೂನ್ ಒಂಬತ್ತು, ಹನ್ನೊಂದು.

ಒಂದೊಂದಾಗಿ ಐದೂ ವರ್ಷ ಬಂದವು. ಎಪ್ಪತ್ತೊಂದು ಬಂದಾಗ ಸಪ್ಟೆಂಬರದ ಒಂದು ಸಾಲಿನ ಮೇಲೆ ರೇವವ್ವ ಬೆರಳಿಟ್ಟಳು. ಅಲ್ಲಿ ಆರು ಎಂದಷ್ಟೇ ಇತ್ತು.

“ಅವತ್ತ ಅವ್ವ ಹೋದ್ಲು” ಎಂದಳು. “ಇಲ್ಲಿ ಬಾಜೂಕ ಬರದಿದ್ದೆ. ಗೆದ್ದಲ ತಿಂತು.”

ಮಾಸ್ತರರು ಆ ಸಾಲನ್ನು ನೋಡಿದರು, ಅವಳನ್ನು ನೋಡಿದರು. ಇಷ್ಟು ದಿನ ಅವಳು ಅಂಕಿ ಓದಿದ್ದಳು, ಅವರು ಒತ್ತಿದ್ದರು. ಬಾಜೂಕ ಏನಿತ್ತೆಂದು ಅವರು ಕೇಳಿರಲಿಲ್ಲ. ಹಸನಸಾಬ ಸ್ಕ್ರೂವಿನ ತಲೆಗೆ ಒಂದು ಹನಿ ಬಣ್ಣ ಹಚ್ಚಿ ಕದಲದಂತೆ ಮಾಡುವ ನೆಪದಲ್ಲಿ ತಲೆ ಬಗ್ಗಿಸಿದ.

ಆ ವಾರವೇ ದೊಡ್ಡ ಟೇಪ್ ರೆಕಾರ್ಡರು ಟವೆಲ್ಲು ಬಿಟ್ಟು ಹುಬ್ಬಳ್ಳಿಗೆ ಮರಳಿತು. “ಯಾಕ್ರಿ ಗುರುಗಳ, ಹಿಡಸ್ಲಿಲ್ಲೇನ್ರಿ?” ಎಂದು ಹೊಳೆಪ್ಪ ಕೇಳಿದ್ದಕ್ಕೆ ಮಾಸ್ತರರು, “ಭಾಳ ಛಲೋ ಹಾಡತೈತೋ. ನಮಗ ಹಾಡಾವ ಬ್ಯಾಡಾಗಿದ್ದ” ಎಂದರಂತೆ. ಹಸನಸಾಬನ ಹಲ್ಲುದುರಿದ ಮುದುಕ ಅವರ ಮನೆಯಲ್ಲಿ ಕಾಯಂ ಆದ. ಅದರ ಬದಲಿಗೆ ರೇವವ್ವ ಏನು ಕೊಡಲು ಹೋದರೂ ಅವನು ಒಂದು ಚೀಲ ಹೊಸ ಜೋಳವನ್ನಷ್ಟೇ ತೆಗೆದುಕೊಂಡ.

ಇನ್ನೊಂದು ಕ್ಯಾಸೆಟ್ಟು ತಂದು, ಎಲ್ಲವನ್ನೂ ಅದಕ್ಕೂ ಕಳಿಸಿ, ತಿರುಗಿ ಓದಿಸಿ ನೋಡಿದರು. ಎರಡೂ ಒಂದೇ ಮನೆಯಲ್ಲಿರುವುದು ಬೇಡ ಎಂದದ್ದು ರೇವವ್ವ. ಎರಡನೆಯದನ್ನು ಒಂದು ಡಬ್ಬಿಯಲ್ಲಿ ಹಾಕಿ, ಅರಿವೆ ಸುತ್ತಿ, ತಾನೇ ಹೋಗಿ ಜಮೀಲಾಬಿಯ ಕೈಗೆ ಕೊಟ್ಟಳು.

“ಏನಬೇ ಇದು?” ಎಂದಳು ಜಮೀಲಾಬಿ.

“ಮಳಿ. ಮಾಡದಾಗ ಇಡು. ಹೊಗಿ ಹಾಕಬ್ಯಾಡ.”

“ನೀ ಬೂದಿ ಹಚ್ಚಬ್ಯಾಡ, ನಾ ಹೊಗಿ ಹಾಕೂದಿಲ್ಲ” ಎಂದು ಜಮೀಲಾಬಿ ಡಬ್ಬಿಯನ್ನು ಎರಡೂ ಕೈಯಿಂದ ಇಸಿದುಕೊಂಡಳು.

ಹಬ್ಬ ಕಳೆದು ನಾಲ್ಕನೆಯ ದಿನ ಚಿತ್ತಿ ಮಳೆ ಬಿತ್ತು. ಮುಂಜಾನೆ ರೇವವ್ವ ಪೂಜೆ ಮುಗಿಸಿ ಹಿತ್ತಲಿಗೆ ಹೋದಳು. ಎರೆಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆ ಭಾರವಾಗಿತ್ತು. ಲೋಟ ಕಣ್ಣಿಗೆ ಹಿಡಿದಳು. ಇಪ್ಪತ್ಮೂರು. ಒಳಗೆ ಬಂದು ನೋಟುಬುಕ್ಕು ತೆರೆದು ಬರೆದಳು. ಅಂಚಿನಲ್ಲಿ ಎಂದಿನಂತೆ ಒಂದು ಮಾತು ಬರೆದಳು.

ಬಸ್ಸು ಹಿಡಿಯುವ ಅವಸರವಿಲ್ಲದ ಮಾಸ್ತರರು ಟೀವಿಯ ಮುಂದೆ ಮಣೆ ಹಾಕಿ ಕೂತಿದ್ದರು.

“ಎಷ್ಟು?”

“ಇಪ್ಪತ್ಮೂರು.”

ಅವರು ಒತ್ತಿದರು. ಬೆರಳು ಗುಂಡಿಯ ಮೇಲೆಯೇ ಇತ್ತು.

“ಬಾಜೂಕ ಏನ ಬರದಿ? ಅದನ್ನೂ ಓದು.”